ರೊಟ್ಟಿ ಮಾರಲಿಕ್ಕೂ ಸಲಹೆಗಾರರು ಬೇಕಾ ಅನ್ನುವವರಿಗೆ

ಬೇಕು. ಹೇಳಿ ಹೇಳಿ ಬಾಯಿ ಒಣಗಿದೆ, ಅದಕ್ಕೆ ಒಮ್ಮೆ ಬರೆದೇ ಬಿಡುತ್ತೇನೆ.

ಕಲಬುರಗಿಯ ಸೇಡಂ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಓಣಿಯಲ್ಲಿ ನನ್ನ ಖಾನಾವಳಿ ಇದೆ. ನಾಲ್ಕು ಟೇಬಲ್, ಹೊರಗೊಂದು ಕಟ್ಟೆ. ಬಿಸಿ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಹಿಂಡಿ, ಅನ್ನ, ಬೇಳೆ ಸಾರು. ಶುರು ಮಾಡುವ ಮುಂಚೆ ಇಬ್ಬರು ಸಲಹೆಗಾರರನ್ನು ಕೇಳಿದ್ದೆ. ಒಬ್ಬರಿಗೆ ದುಡ್ಡು ಕೊಟ್ಟೆ, ಇನ್ನೊಬ್ಬರಿಗೆ ಕೊಡಲಿಲ್ಲ. ಎಷ್ಟು ಕೊಟ್ಟೆ ಅಂತ ಇಲ್ಲೂ ಹೇಳುವುದಿಲ್ಲ.

ಜನ ಇದನ್ನು ಪ್ರಶ್ನೆ ಅಂತ ಕೇಳಿದ್ದರೆ ನನಗೆ ಸಿಟ್ಟಿರಲಿಲ್ಲ. ಯಾರೂ ಹಾಗೆ ಕೇಳುವುದಿಲ್ಲ. ಆಳಂದದ ಕಡೆ ಒಂದು ಲಗ್ನಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಕೂತಿದ್ದೆ, ಎಲೆಗೆ ಇನ್ನೂ ಉಪ್ಪು ಬಂದಿರಲಿಲ್ಲ. ಎದುರು ಸಾಲಿನಿಂದ ನಮ್ಮ ಕಾಕಾ ಎಲ್ಲರಿಗೂ ಕೇಳಿಸುವ ಹಾಗೆ ಕೂಗಿದರು, "ಏನವ್ವಾ, ರೊಟ್ಟಿ ಮಾರ್ಲಾಕ ಬೆಂಗಳೂರಿಂದ ಮಂದಿ ಕರಸಿದ್ದೆಂತ? ನಿಮ್ಮವ್ವಗ ರೊಟ್ಟಿ ಬಡೀಲಾಕ ಯಾವ ಕನ್ಸಲ್ಟಂಟ್ ಕಲಸಿದ್ದ?" ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಡಿಸುವ ಹುಡುಗನೂ ಬುಟ್ಟಿ ಹಿಡಿದು ನಿಂತು ನಕ್ಕ.

ಈ ಕಾಕಾ ಹೊಲದಲ್ಲಿ ಬೋರ್ ಹಾಕಿಸುವಾಗ ಏನು ಮಾಡಿದ್ದರು ಗೊತ್ತಾ? ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ತುಂಬಾ ಓಡಾಡಿದವನನ್ನು ಕರೆಸಿದ್ದರು. ಕಾಯಿ ನೆಟ್ಟಗೆ ನಿಂತ ಕಡೆ ಕೊರೆಸಿದರು. ಧೂಳು ಬಂತು. ಅವನಿಗೆ ದುಡ್ಡೂ ಕೊಟ್ಟರು, ಟವೆಲ್ಲೂ ಹೊದಿಸಿದರು. ಅದನ್ನು ಅವತ್ತು ಹೇಳಲಿಲ್ಲ, ಹೆಣ್ಣಿನ ಕಡೆಯವರ ಮುಂದೆ ಯಾಕೆ ಅಂತ. ಈಗ ಹೇಳುತ್ತಿದ್ದೇನೆ.

ನಮ್ಮವ್ವನಿಗೆ ರೊಟ್ಟಿ ಬಡಿಯಲು ಯಾರೂ ಕಲಿಸಬೇಕಿರಲಿಲ್ಲ, ನಿಜ. ನನಗೂ ಬರುತ್ತದೆ. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಬಡಿಯುವಾಗಲೇ ಅಂಚು ಹರಿಯುತ್ತದೆ, ಆಗ ಎಸರು ಇನ್ನಷ್ಟು ಕುದಿಸಬೇಕು ಅನ್ನುವುದೆಲ್ಲ ನನಗೆ ಗೊತ್ತು. ನಾನು ಕೇಳಲು ಹೋಗಿದ್ದು ರೊಟ್ಟಿಯ ಬಗ್ಗೆ ಅಲ್ಲ. ಕೆಜಿ ಹಿಟ್ಟಿಗೆ ಹದಿಮೂರು ರೊಟ್ಟಿ ಆದರೆ ಒಂದು ರೊಟ್ಟಿ ನನಗೆ ಎಷ್ಟಕ್ಕೆ ಬಿತ್ತು? ಗ್ಯಾಸ್ ಸೇರಿಸಿ? ಬಾಡಿಗೆ ಸೇರಿಸಿ? ನಮ್ಮ ಮನೆಯಲ್ಲಿ ಈ ಲೆಕ್ಕ ಮಾಡಿದವರು ಯಾರಿದ್ದಾರೆ ಹೇಳಿ.

ದುಡ್ಡು ತಗೊಂಡ ಹುಡುಗ ಮೊದಲು ಲ್ಯಾಪ್‌ಟಾಪ್ ತೆಗೆದು ಗೋಡೆಗೆ ಮಣ್ಣಿನ ಬಣ್ಣ, ಬಾಗಿಲಲ್ಲಿ ಎತ್ತಿನ ಗಾಡಿಯ ಗಾಲಿ ತೋರಿಸಿದ. ಗಾಲಿ ಇಟ್ಟರೆ ಗಿರಾಕಿ ಒಳಗೆ ಹೇಗೆ ಬರಬೇಕು ಅಂತ ಕೇಳಿದೆ, ಆ ಮಾತು ಅಲ್ಲಿಗೆ ಬಿಟ್ಟ. ಆದರೆ ಅವನು ಇನ್ನೊಂದು ಕೆಲಸ ಮಾಡಿದ. ಮೇ ತಿಂಗಳ ಬಿಸಿಲಲ್ಲಿ, ಕಲಬುರಗಿಯ ಬಿಸಿಲಲ್ಲಿ, ಓಣಿಯ ಬೇವಿನ ಮರದ ಕೆಳಗೆ ಪುಸ್ತಕ ಹಿಡಿದು ನಿಂತ. ಯಾರು ಹೋಗುತ್ತಾರೆ, ಎಷ್ಟೊತ್ತಿಗೆ, ಕೈಯಲ್ಲಿ ಏನಿದೆ, ಗೀಟು ಹಾಕುತ್ತಾ ಹೋದ. ನಾವೆಲ್ಲ ಕಾಲೇಜು ಹುಡುಗರನ್ನೇ ನಂಬಿಕೊಂಡಿದ್ದೆವು. ಅವನ ಗೀಟುಗಳು ಬೇರೆ ಹೇಳಿದವು. ಸಂಜೆ ಏಳರ ಸುಮಾರಿಗೆ ಸ್ಟೀಲ್ ಡಬ್ಬಿ ಹಿಡಿದವರೇ ಜಾಸ್ತಿ. ಸೇಡಂ ರಸ್ತೆಯಲ್ಲಿ ಜಿಮ್ಸ್ ಅನ್ನುವ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ, ಇಎಸ್‌ಐ ಆಸ್ಪತ್ರೆ ಇದೆ. ಯಾದಗಿರಿಯಿಂದ, ಬೀದರ್ ಕಡೆಯಿಂದ ಪೇಷಂಟ್ ಕರೆದುಕೊಂಡು ಬಂದವರು ವಾರಗಟ್ಟಲೆ ಇರುತ್ತಾರೆ. ಅವರಿಗೆ ಕೂತು ಉಣ್ಣಲು ಪುರಸೊತ್ತಿಲ್ಲ. ಮೆತ್ತನೆ ಅನ್ನ, ಖಾರವಿಲ್ಲದ ಸಾರು, ಎರಡು ರೊಟ್ಟಿ ಕಟ್ಟಿಸಿಕೊಂಡು ಓಡಬೇಕು. ಈಗ ನನ್ನ ಅರ್ಧ ವ್ಯಾಪಾರ ಆ ಪಾರ್ಸೆಲ್‌ನದೇ. ಅವನ ಫೀಸು ಆ ಗೀಟುಗಳಿಗೆ ಕೊಟ್ಟೆ ಅಂದುಕೊಂಡಿದ್ದೇನೆ, ಗಾಲಿಗೆ ಅಲ್ಲ.

ಇನ್ನೊಬ್ಬರು ಸ್ವಉದ್ಯೋಗ ತರಬೇತಿಯಲ್ಲಿ ಪಾಠ ಮಾಡಿದ ನಿವೃತ್ತ ಬ್ಯಾಂಕ್ ಮ್ಯಾನೇಜರ್. ಸರ್ ಅಂತಲೇ ಕರೆಯುತ್ತೇನೆ. ಆ ಹುಡುಗ ಎರಡೇ ರೊಟ್ಟಿ ಕೊಡಿ, ಮೇಲೆ ಬೇಕಾದರೆ ಬಿಲ್ ಮಾಡಿ ಅಂದಿದ್ದ. ನಮ್ಮ ಕಡೆ ರೊಟ್ಟಿ ಎಣಿಸಿ ಬಡಿಸಿದರೆ ಮುಗೀತು, ಊಟ ಬಿಟ್ಟು ಏಳುತ್ತಾರೆ. ಸರ್ ಹತ್ತಿರ ಈ ಜಗಳ ಹೋಯಿತು. "ವಾದ ಯಾಕ್ರಿ, ತೂಕ ಮಾಡ್ರಿ" ಅಂದರು. ಕೈ ತೊಳೆಯುವ ಕಡೆ ಎರಡು ಬಕೆಟ್ ಇಡಿಸಿದರು. ತಟ್ಟೆಯಲ್ಲಿ ಉಳಿದ ರೊಟ್ಟಿ ಒಂದಕ್ಕೆ, ಉಳಿದ ಅನ್ನ ಇನ್ನೊಂದಕ್ಕೆ. ರಾತ್ರಿ ತಕ್ಕಡಿಗೆ ಹಾಕಿದರೆ ರೊಟ್ಟಿ ಬಕೆಟ್ಟಿನಲ್ಲಿ ನಾಲ್ಕು ತುಂಡು. ಅನ್ನದ್ದು ಎತ್ತಲು ಎರಡೂ ಕೈ ಬೇಕಾಯಿತು. ಮರುದಿನದಿಂದ ಅನ್ನ ಮೊದಲು ಅರ್ಧ ಸೌಟು, ಕೇಳಿದರೆ ಮತ್ತೆ. ರೊಟ್ಟಿಗೆ ಲೆಕ್ಕವಿಲ್ಲ. ಯಾರೂ ಎದ್ದು ಹೋಗಿಲ್ಲ.

ಎರಡನೇ ಪ್ರಶ್ನೆ, "ಸಬ್ಸಿಡಿ ಎಷ್ಟು ಹೊಡೆದ್ರಿ?" ಹೊಡೆಯಲು ಅದು ಕೈಗೆ ಬರುವ ದುಡ್ಡಲ್ಲ ಮಾರಾಯರೇ. ನಾನು ಪಿಎಂಇಜಿಪಿ ಅನ್ನುವ ಕೇಂದ್ರದ ಸ್ವಉದ್ಯೋಗ ಸ್ಕೀಮಿನಲ್ಲಿ ಸಾಲ ತಗೊಂಡಾಗ ಹೆಣ್ಣುಮಕ್ಕಳಿಗೆ ನಗರದಲ್ಲಿ 25 ಪರ್ಸೆಂಟ್ ಸಬ್ಸಿಡಿ, ಹಳ್ಳಿಯಲ್ಲಿ 35. ಒಟ್ಟು ಖರ್ಚಿನಲ್ಲಿ ನಮ್ಮ ಕೈಯಿಂದ 5 ಪರ್ಸೆಂಟ್. ಆ ಸಬ್ಸಿಡಿ 3 ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತಿರುತ್ತದೆ. ಅಂಗಡಿ ನಡೆಯುತ್ತಿದೆಯಾ ಅಂತ ಬಂದು ನೋಡಿದ ಮೇಲೆ ಸಾಲಕ್ಕೆ ಜಮಾ. ಆಗ ಪಿಎಂಎಫ್‌ಎಂಇ ಅಂತ ಇನ್ನೊಂದು ಸ್ಕೀಮಿತ್ತು. ಅದು ಆಹಾರ ತಯಾರಿಸಿ ಪ್ಯಾಕ್ ಮಾಡುವವರಿಗೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರಿದರೆ ಸಿಗುತ್ತಿತ್ತು, ಖಾನಾವಳಿಗೆ ಸಿಗುತ್ತಿರಲಿಲ್ಲ. ಇಷ್ಟು ಗೊತ್ತಿಲ್ಲದೆ ನಮ್ಮ ಓಣಿಯವರು ಏಜೆಂಟರ ಹಿಂದೆ ಚಪ್ಪಲಿ ಸವೆಸಿದ್ದಾರೆ. ವರ್ಷದ ವಹಿವಾಟು 12 ಲಕ್ಷದ ಒಳಗಿದ್ದ ನನ್ನಂಥವರಿಗೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿಗೆ ಆಗ ವರ್ಷಕ್ಕೆ 100 ರೂಪಾಯಿ ಇತ್ತು. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಪುಕ್ಕಟೆ. ಏಜೆಂಟ್ ಹೇಳಿದ ರೇಟು ಕೇಳಿದರೆ ನಗು ಬರುತ್ತದೆ.

ಸಾಕು. ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. ನಿನಗೆ ಪಗಾರ ಎಷ್ಟು ಅಂತ.

ಎಷ್ಟು ಉಳಿಯುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಪಗಾರ ಅಂತ ಕೇಳಿದ್ದು ಸರ್ ಒಬ್ಬರೇ. ಲೆಕ್ಕದ ಹಾಳೆಯಲ್ಲಿ ಜೋಳ, ಬೇಳೆ, ಎಣ್ಣೆ, ಸಿಲಿಂಡರ್ ಎಲ್ಲ ಬರೆದುಕೊಂಡು ಹೋಗಿದ್ದೆ. ಪೆನ್ನು ತೆಗೆದು ಕೆಳಗೆ ಎರಡು ಸಾಲು ಖಾಲಿ ಬಿಟ್ಟರು. "ರೊಟ್ಟಿ ಬಡಿಯೋರು ಎಲ್ಲದಾರ ಇದರಾಗ? ನೀವ್ ಎಲ್ಲದೀರಿ?" ಅಂದರು. ಬಡಿಯುವ ಇಬ್ಬರು ಅಕ್ಕಂದಿರದು ಅಂದಾಜಿನಲ್ಲಿ ತುಂಬಿದೆ. ನನ್ನದು ತುಂಬಲು ಪೆನ್ನು ಏಳಲಿಲ್ಲ. ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು, ದಾಲ್ ಮಿಲ್ಲಿನಲ್ಲಿ ಪ್ರತಿ ತಿಂಗಳು ಪಗಾರ ಎಣಿಸಿಕೊಂಡು ತರುವವರು, "ಮನಿ ಅಂಗಡ್ಯಾಗ ಪಗಾರ ಏನು?" ಅಂತ ನಕ್ಕರು. ಸರ್ ಬಿಡಲಿಲ್ಲ. ನಾನು ಜ್ವರ ಬಂದು ಮಲಗಿದರೆ ನನ್ನ ಜಾಗಕ್ಕೆ ಬರುವವರಿಗೆ ಎಷ್ಟು ಕೊಡಬೇಕೋ ಅಷ್ಟು ಬರೆಯಿರಿ ಅಂದರು. ಬರೆದೆ. ಊಟದ ರೇಟು ಹತ್ತು ರೂಪಾಯಿ ಮೇಲೆ ಹೋಯಿತು. ಕಾಕಾ ಹೇಳುವ ಕನ್ಸಲ್ಟಂಟ್ ಖರ್ಚು ಅಂದರೆ ನಿಜಕ್ಕೂ ಇದೇ.

ಅಂದಹಾಗೆ ಕಾಕಾಗೆ ನಮ್ಮಲ್ಲಿ ಉದ್ರಿ ಇಲ್ಲ. ಇದೂ ಸರ್ ಹೇಳಿದ್ದೇ, ನನಗೇನು ಖುಷಿ ಅಂತಲ್ಲ. ಸ್ವಲ್ಪ ಖುಷಿ ಇದೆ.

ಈಗ ಆ ಹುಡುಗ ಫೋನ್ ಮಾಡಿ ರೊಟ್ಟಿ ಮಷಿನ್ ತಗೊಳ್ಳಿ ಅನ್ನುತ್ತಿದ್ದಾನೆ. ಮೇ ತಿಂಗಳಲ್ಲಿ ಹಂಚಿನ ಮುಂದೆ ಕೂರುವುದು ಏನು ಅಂತ ಕೂತವರಿಗೇ ಗೊತ್ತು, ಹಾಗಾಗಿ ಅಕ್ಕಂದಿರನ್ನೇ ಕೇಳಿದೆ. ನಿಮ್ಮ ಕೆಲಸ ಹೋಗಲ್ಲ, ಪಗಾರ ಅಷ್ಟೇ ಇರುತ್ತೆ ಅಂತ ಮೊದಲೇ ಹೇಳಿ ಕೇಳಿದೆ. ದೊಡ್ಡಾಕೆ ಕೈ ಒರೆಸಿಕೊಂಡು, "ಬಡಿಯೋದು ನಾ ಬಡೀತಿನ್ರಿ ಯಕ್ಕಾ, ಮಂದಿ ಅದಕ್ಕೇ ಬರ್ತಾರ. ನಾದೋದಕ್ಕ ಒಂದ್ ಮಷಿನ್ ತರ್ರಿ, ರಟ್ಟಿ ಸೋತಾವ" ಅಂದಳು. ಹಿಟ್ಟು ನಾದುವ ಮಷಿನ್ನಿಗೆ ಎರಡು ಕಡೆ ಕೊಟೇಶನ್ ಕೇಳಿದ್ದೇನೆ.