ದನಗಳು ಬಿಟ್ಟುಹೋದ ದಾರಿ

ಗುಡ್ಡದ ಮೇಲಿನ ಹಳೇ ದಾರಿಗಳು ಕಣ್ಣಿಗೆ ಬೀಳುವುದು ವರ್ಷದಲ್ಲಿ ಕೆಲವೇ ವಾರ. ಮಳೆಗಾಲದಲ್ಲಿ ಹುಲ್ಲು ಸೊಂಟದ ಮಟ್ಟ ಬೆಳೆದು ಎಲ್ಲವನ್ನೂ ಮುಚ್ಚುತ್ತದೆ. ಚಳಿ ಮುಗಿಯುವಷ್ಟರಲ್ಲಿ ಅದೇ ಹುಲ್ಲು ಒಣಗಿ ಅಡ್ಡ ಬೀಳುತ್ತದೆ. ಯುಗಾದಿಯ ಆಸುಪಾಸಿನಲ್ಲಿ ಒಂದೆರಡು ಮಳೆ ಸುರಿದು ಹೊಸ ಹುಲ್ಲು ಚಿಗುರಿದಾಗ ಮಾತ್ರ ದಾರಿ ಹೊರಬರುತ್ತದೆ. ತಲೆಮಾರುಗಟ್ಟಲೆ ಗೊರಸು ತುಳಿದು ಗಟ್ಟಿಯಾದ ಮಣ್ಣಲ್ಲಿ ಹುಲ್ಲು ತಡವಾಗಿ ಏಳುತ್ತದೆಯಲ್ಲ, ಹಾಗಾಗಿ ಹಸಿರಿನ ನಡುವೆ ಬೈತಲೆ ತೆಗೆದಂತೆ ಒಂದು ಸಣ್ಣ ಗೆರೆ ಕಾಣುತ್ತದೆ. ನನಗೆ ಇದನ್ನು ಹೇಳಿದವರು ಸೋದರಮಾವ. ಸಕಲೇಶಪುರ ತಾಲ್ಲೂಕಿನ ಮೇಕನಗದ್ದೆ ಕಡೆಯ ಗುಡ್ಡಗಳಲ್ಲಿ ಹುಡುಗರಾಗಿದ್ದಾಗ ದನ ಕಾದವರು ಅವರು. "ನೋಡ್ಬೇಕು ಅಂದ್ರೆ ರೇವತಿ ಮಳೆ ಬಿದ್ಮೇಲೆ ಬಾ ಪುಟ್ಟಿ" ಎಂದು ಫೋನಿನಲ್ಲಿ ಹೇಳಿದ್ದರು. ಏಪ್ರಿಲ್ ಮೊದಲ ವಾರದಲ್ಲಿ ಹೋದೆ.

ದಾರಿಯುದ್ದಕ್ಕೂ ಕಾಫಿ ಹೂವು. ಹೂ ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ರೊಬಸ್ಟಾ ಗಿಡಗಳೆಲ್ಲ ಮಾತಾಡಿಕೊಂಡವರ ಥರ ಒಟ್ಟಿಗೇ ಅರಳುತ್ತವೆ. ಸಿಲ್ವರ್ ಮರಗಳ ಕೆಳಗೆ ಬಿಳುಪು, ಜೇನ್ನೊಣದ ಸದ್ದು, ಮಲ್ಲಿಗೆಯನ್ನು ನೆನಪಿಸುವ ಆ ವಾಸನೆ. ಮಾವನ ತಲೆಯಲ್ಲಿ ಮಾತ್ರ ಮಳೆಯ ಇಂಚು, ಸೆಂಟ್ಸಿನ ಲೆಕ್ಕ. ಹೂವಿನ ಮಳೆ ಸರಿಯಾಗಿ ಒಂದು ಇಂಚು ಬಂದಿದೆ, ಇನ್ನು ಮೂರು ವಾರದೊಳಗೆ ಅದರ ಬೆನ್ನಿಗೆ ಬರಬೇಕಾದ ಬ್ಯಾಕಿಂಗ್ ಮಳೆ ಬಂದರೆ ಕಾಯಿ ನಿಲ್ಲುತ್ತದೆ ಎಂದು ಜೀಪು ಓಡಿಸುತ್ತಲೇ ವಿವರಿಸಿದರು.

ಬೆಟ್ಟ ಭೈರವೇಶ್ವರನ ಗುಡಿಯ ಹತ್ತಿರ ಜೀಪು ನಿಲ್ಲಿಸಿ ಕೈಮುಗಿದು ಹೊರಟೆವು. ಗುಡಿಯ ಹಿಂದಿರುವುದು ಪಾಂಡವರ ಗುಡ್ಡ. ವನವಾಸದಲ್ಲಿ ಪಾಂಡವರು ಇಲ್ಲಿದ್ದರು ಎಂಬುದು ಊರಿನ ನಂಬಿಕೆ. ಅಲ್ಲಿವರೆಗಿನ ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಬೂಟುಗಳು ಸವೆಸಿದ ಅಗಲ ದಾರಿ, ಬದಿಯಲ್ಲಿ ಚಿಪ್ಸ್ ಪೊಟ್ಟಣಗಳು. ನೆತ್ತಿಯಲ್ಲಿ ನಿಂತರೆ ದೂರದಲ್ಲಿ ಎತ್ತಿನ ಭುಜ ಎಂಬ ಶಿಖರ ಕಾಣುತ್ತದೆ. ಬಂದವರೆಲ್ಲ ಅಲ್ಲಿ ಫೋಟೋ ತೆಗೆದುಕೊಂಡು ಹಿಂತಿರುಗುತ್ತಾರೆ. ನಮ್ಮ ದಾರಿ ಶುರುವಾದದ್ದು ಅಲ್ಲಿಂದ.

ಮೊದಲಿಗೆ ನನಗೆ ಏನೂ ಕಾಣಲಿಲ್ಲ. ಮಾವ ಕುಕ್ಕರುಗಾಲಲ್ಲಿ ಕೂತು, ಕಣ್ಣನ್ನು ಹುಲ್ಲಿನ ಮಟ್ಟಕ್ಕೆ ತಂದು ನೋಡಲು ಹೇಳಿದರು. ಓರೆಯಾಗಿ ಬೀಳುತ್ತಿದ್ದ ಬೆಳಗಿನ ಬಿಸಿಲಿನಲ್ಲಿ ಇಳಿಜಾರಿನ ಮೇಲೆ ಒಂದಲ್ಲ, ಮೂರು ಬಗೆಯ ಗೆರೆಗಳು ಮೂಡಿದವು. ನೆತ್ತಿಯ ಏಣಿನ ಮೇಲೆ ನೇರವಾಗಿ, ಅಗಲವಾಗಿ ಹೋದದ್ದು ಬೆಂಕಿ ಹರಡದಂತೆ ಹುಲ್ಲು ಕೆರೆದು ಮಾಡುವ ಫೈರ್ ಲೈನು. ಅದಕ್ಕೆ ಎಲ್ಲಿಗೂ ಮುಟ್ಟುವ ಉದ್ದೇಶವಿಲ್ಲ. ಕಡಿದಾಗಿ ಹಳ್ಳದ ಶೋಲಾಕ್ಕೆ, ಅಂದರೆ ಹುಲ್ಲುಗುಡ್ಡಗಳ ಮಡಿಲಿನ ನಿತ್ಯಹಸಿರು ಕಾಡಿಗೆ, ಇಳಿದದ್ದು ಕಾಟಿಗಳದು, ಅಂದರೆ ಕಾಡುಕೋಣಗಳದು. ಅಲ್ಲಿ ಗೊರಸು ಆಳಕ್ಕೆ ಊರಿತ್ತು, ಹಸಿ ಸಗಣಿಯೂ ಇತ್ತು. ಮೂರನೆಯದು ಇವೆರಡಕ್ಕಿಂತ ಮಸುಕು. ಏರನ್ನೂ ಒಪ್ಪದೆ ಇಳಿಜಾರನ್ನೂ ಒಪ್ಪದೆ ಗುಡ್ಡದ ಹೊಟ್ಟೆಯನ್ನು ಬಳಸಿಕೊಂಡು ಹೋಗುತ್ತಿತ್ತು.

"ಕಾಟಿ ದಾರಿ ಹಿಡಿದ್ರೆ ಹಳ್ಳಕ್ಕೆ ಇಳಿಸ್ತದೆ ಕಣೆ. ದನ ಆದ್ರೆ ಸಂಜೆ ಮನೆಗೆ ಬರ್ಲೇಬೇಕಲ್ಲ. ಅದರ ದಾರಿ ತಪ್ಪಿಸಲ್ಲ" ಎಂದರು.

ಆ ದಾರಿಯಲ್ಲಿ ನಡೆಯುವಾಗ ಅದನ್ನು ಮಾಡಿದ ಮಲೆನಾಡು ಗಿಡ್ಡ ತಳಿಯ ನಾಟಿ ದನಗಳ ಮೈಕಟ್ಟು ನನ್ನ ಕಾಲಿಗೇ ಅರ್ಥವಾಯಿತು. ಸಣ್ಣ ಮೈ, ಚುರುಕು ಕಾಲು. ಒಂದು ಪಾದಕ್ಕೆ ಸಾಕಾಗುವಷ್ಟೇ ಅಗಲ. ಬಂಡೆ ಬಂದಲ್ಲಿ ಮಾಯವಾಗಿ ಆಚೆ ಬದಿಯಲ್ಲಿ ಮತ್ತೆ ಹುಟ್ಟುತ್ತಿತ್ತು. ಕೆಲವು ಕಡೆ ಈಚಲ ಪೊದೆ ನಡುವಿನಲ್ಲೇ ಎದ್ದು ಕೂತಿತ್ತು. ಅಂಥ ಕಡೆ ಮಾವ ನಿಂತು, ಕಣ್ಣು ಕಿರಿದು ಮಾಡಿ, ನೀರಿನ ಗುಂಡಿ ಯಾವ ಕಡೆಗಿತ್ತು ಎಂದು ನೆನಪು ಮಾಡಿಕೊಂಡು ಹೆಜ್ಜೆ ಇಡುತ್ತಿದ್ದರು. ಈಗ ಅವರ ಕೊಟ್ಟಿಗೆಯಲ್ಲಿರುವುದು ಕಟ್ಟಿ ಸಾಕುವ ಜರ್ಸಿ. ಗುಡ್ಡಕ್ಕೆ ಅಟ್ಟಿದರೆ ಅದು ಹತ್ತುವುದೂ ಇಲ್ಲ, ಜೊತೆಗೆ ಹೋಗಲು ಹುಡುಗರೂ ಇಲ್ಲ. ಊರಿನ ಗೋಮಾಳದ ಎಷ್ಟೋ ಭಾಗ ತೋಟವಾಗಿದೆ. ದನ ಹೋಗುವುದು ನಿಂತು ವರ್ಷಗಳಾದವು. ದಾರಿ ಇನ್ನೂ ಉಳಿದಿರುವುದೇ ನನಗೆ ಹೆಚ್ಚೆನಿಸಿತು.

ಎರಡನೇ ನೆತ್ತಿಗೆ ನಮ್ಮ ಜನ ಇಟ್ಟ ಹೆಸರಿಲ್ಲ. ಅಲ್ಲಿ ಕೂತು ಅಕ್ಕಿ ರೊಟ್ಟಿ, ಕಾಯಿ ಚಟ್ನಿ ತಿಂದೆವು. ಪಡುವಣಕ್ಕೆ ಘಟ್ಟ ಧುತ್ತನೆ ಕುಸಿದು ದಕ್ಷಿಣ ಕನ್ನಡದ ಕಾಡು ಹಬ್ಬಿತ್ತು, ಮೂಡಣಕ್ಕೆ ತೋಟಗಳು. ಈ ಸಾಲಿನ ಮೇಲೆ ಬಿದ್ದ ಮಳೆ ಆ ಕಡೆ ಹರಿದರೆ ನೇತ್ರಾವತಿ, ಅರಬ್ಬೀ ಸಮುದ್ರ. ಈ ಕಡೆಯದು ಹೇಮಾವತಿ, ಕಾವೇರಿ, ಬಂಗಾಳ ಕೊಲ್ಲಿ. ಇದೇ ತಾಲ್ಲೂಕಿನ ಪಡುವಣದ ಹಳ್ಳಗಳನ್ನು ಮೇಲಕ್ಕೆತ್ತಿ ಮೂಡಣಕ್ಕೆ ಕಳಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಒಟ್ಟು ಗುರಿ 24.01 ಟಿಎಂಸಿ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಈ ನೀರನ್ನು ಬೇಸಗೆಯವರೆಗೂ ಹಿಡಿದಿಟ್ಟು ಬಿಡುವುದು ಹುಲ್ಲುಗಾವಲು ಮತ್ತು ಅದರ ಮಡಿಲಿನ ಶೋಲಾ ಎಂಬುದನ್ನು ಕೊಳವೆ ಹಾಕುವವರು ಒಮ್ಮೆ ಇಲ್ಲಿ ಹತ್ತಿ ಬಂದು ನೋಡಬೇಕು ಅನಿಸಿತು.

ಎದುರಿನ ಗುಡ್ಡದ ಒಂದು ಮಗ್ಗುಲು ಕಪ್ಪಾಗಿತ್ತು. ಬೆಂಕಿ ಬಿದ್ದಿತ್ತು. ಹುಲ್ಲು ಮತ್ತೆ ಚಿಗುರುತ್ತದೆ, ಚಿಗುರಿಯೂ ಇತ್ತು. ಆದರೆ ಶೋಲಾದ ಅಂಚಿನಲ್ಲಿ ಈಗಷ್ಟೇ ಏಳುತ್ತಿದ್ದ ಎಳೇ ಗಿಡಗಳು ಸುಟ್ಟು ನಿಂತಿದ್ದವು. ಕಾಡು ಹುಲ್ಲಿನೊಳಕ್ಕೆ ಒಂದೊಂದೇ ಹೆಜ್ಜೆ ಇಡುವುದು ಆ ಅಂಚಿನಲ್ಲೇ. ಬೇಸಗೆಯಲ್ಲಿ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದು ಇದೇ ಭಯಕ್ಕೆ. ಅದು ಸರಿ ಎಂದು ನನಗೂ ಅನ್ನಿಸುತ್ತದೆ. ನಾವೂ ಮೀಸಲು ಕಾಡಿನ ಗಡಿ ಬರುತ್ತಲೇ ಮೂರನೇ ನೆತ್ತಿಯನ್ನು ಕಣ್ಣಲ್ಲೇ ನೋಡಿ ತಿರುಗಿದೆವು.

ಮಧ್ಯಾಹ್ನ ದಾಟುತ್ತಿದ್ದಂತೆ ಮೂಡಣದಲ್ಲಿ ಮೋಡ ಕಟ್ಟಿ ಗುಡುಗು ಶುರುವಾಯಿತು. ಬೋಳು ನೆತ್ತಿಯ ಮೇಲೆ ಸಿಡಿಲಿಗೆ ನಾವೇ ಎತ್ತರ. ಮಾವ ಒಂದು ಕ್ಷಣವೂ ಯೋಚಿಸದೆ ಬಂದ ದಾರಿ ಬಿಟ್ಟು ಇನ್ನೊಂದು ಗೆರೆ ಹಿಡಿದರು. ಅದು ಬಂಡೆಯ ಮರೆಯಲ್ಲೇ ಸುತ್ತಿ ಬೇಗ ಇಳಿಯಿತು. ಮಳೆ ಕಂಡ ದನಗಳು ಇಳಿಯುತ್ತಿದ್ದ ದಾರಿಯಂತೆ ಅದು. ಮನೆಗೆ ಬಂದವರೇ ಬಿಸಿನೀರು ಹುಯ್ದುಕೊಂಡು, ಉಣುಗು ಹತ್ತಿದೆಯೇ ಎಂದು ಕಾಲು, ಬೆನ್ನು ತಡವಿ ನೋಡಿಕೊಂಡೆವು.

ನಡೆದ ದಾರಿಯನ್ನು ಫೋನಿನಲ್ಲಿ ದಾಖಲಿಸಿಕೊಂಡಿದ್ದೆ. ರಾತ್ರಿ ಮಾವನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಕೆಂಪು ಗೆರೆಯ ಮೇಲೆ ಬೆರಳಿಟ್ಟು, ಇಲ್ಲಿ ನೀರಿನ ಗುಂಡಿ, ಇಲ್ಲಿ ಹುಲಿ ನಮ್ಮ ಕರು ಹಿಡಿದದ್ದು ಎಂದು ಗುರುತಿಸುತ್ತಾ ಹೋದರು. ನಾನು ಅದನ್ನೂ ಬರೆದು ಸೇರಿಸಿದೆ. "ಎಲ್ರಿಗೂ ಕಳಿಸ್ತೀಯಾ?" ಎಂದು ಕೇಳಿದರು. 2024ರ ಜನವರಿಯಲ್ಲಿ ಕುಮಾರಪರ್ವತದ ಬುಡದಲ್ಲಿ ಚಾರಣಕ್ಕೆ ಬಂದ ಸಾವಿರಾರು ಜನ ಒತ್ತಿ ನಿಂತ ಚಿತ್ರ ನನ್ನ ಕಣ್ಣ ಮುಂದಿತ್ತು. ಇಲ್ಲ ಮಾವ ಎಂದೆ. ಬೆಂಗಳೂರಿನಲ್ಲಿರುವ ಅವರ ಮಗನಿಗೆ ಮಾತ್ರ ಕಳಿಸಿದ್ದೇನೆ. ಆ ಗುಡ್ಡಗಳ ಬುಡದಲ್ಲೇ ಹುಟ್ಟಿಯೂ ಅವನು ಪಾಂಡವರ ಗುಡ್ಡದಿಂದಾಚೆ ಹೋದವನಲ್ಲ. ಬರುವ ರೇವತಿ ಮಳೆ ಬಿದ್ದ ಮೇಲೆ ರಜೆ ಹಾಕಿ ಬರುತ್ತೇನೆ ಎಂದಿದ್ದಾನೆ. ಮಾವ ಅಷ್ಟರಲ್ಲಿ ಈಚಲ ಪೊದೆ ಅಡ್ಡ ಬೆಳೆದಿರುವ ಕಡೆ ಸುತ್ತಿ ಹೋಗುವ ಜಾಗ ನೋಡಿಡುತ್ತಾರಂತೆ.