ಬೀಗ ಬಿದ್ದ ಷೋರೂಮಿನೊಳಗೆ ನನ್ನ ಬೈಕು

ಬೈಕನ್ನು ಸರ್ವಿಸಿಗೆ ಬಿಟ್ಟ 9ನೆಯ ದಿನ ಬೆಳಿಗ್ಗೆ ಹೋದಾಗ ಷೋರೂಮಿನ ಷಟರ್ ಮುಚ್ಚಿತ್ತು. ವ್ಯವಹಾರ ನಿಲ್ಲಿಸಲಾಗಿದೆ, ಗ್ರಾಹಕರು ಕಂಪನಿಯ ಸಹಾಯವಾಣಿಗೆ ಕರೆ ಮಾಡಬೇಕು ಎಂಬ ಎರಡು ಸಾಲಿನ ಹಾಳೆಯೊಂದನ್ನು ಅದರ ಮೇಲೆ ಅಂಟಿಸಿದ್ದರು. ಪಕ್ಕದ ಗಾಜಿಗೆ ಮುಖ ಹಚ್ಚಿ ನೋಡಿದರೆ ಒಳಗೆ ಲಿಫ್ಟಿನ ಮೇಲೆ ನನ್ನ ಬೈಕು ಕಾಣುತ್ತಿತ್ತು. ಟ್ಯಾಂಕನ್ನು ಕಳಚಿ ಬೆಂಚಿನ ಮೇಲಿಟ್ಟಿದ್ದರು, ವಾಲ್ವ್ ಕವರ್ ತೆಗೆದಿತ್ತು, ತೆರೆದ ಎಂಜಿನ್ನಿನೊಳಗೆ ಧೂಳು ಬೀಳದಿರಲೆಂದು ಯಾರೋ ಒಂದು ಹಳೆಯ ಬಟ್ಟೆಯನ್ನು ಹೊದಿಸಿ ಹೋಗಿದ್ದರು. ಸಂಬಳ ಬರುತ್ತದೋ ಇಲ್ಲವೋ ಎಂಬುದೇ ಗೊತ್ತಿಲ್ಲದ ದಿನದಲ್ಲಿಯೂ ಆ ಮೆಕ್ಯಾನಿಕ್ ಬಟ್ಟೆ ಮುಚ್ಚಲು ಮರೆತಿರಲಿಲ್ಲ.

ಬೈಕು ಕೊಳ್ಳುವಾಗ ನಮ್ಮ ಕಣ್ಣಿಗೆ ಬೀಳುವುದು ಒಂದೇ ಬಾಗಿಲು. ಹಣ ಕಟ್ಟುವುದು, ಕಾಗದಪತ್ರಕ್ಕೆ ಸಹಿ ಹಾಕುವುದು, ಕೀಲಿ ಪಡೆಯುವುದು, ಮೊದಲ ಸರ್ವಿಸ್ ಮಾಡಿಸುವುದು ಎಲ್ಲವೂ ಅದೇ ಸೂರಿನಡಿ ನಡೆಯುವುದರಿಂದ, ಅಲ್ಲಿ ಸಿಕ್ಕ ಮಾತುಗಳೆಲ್ಲ ಒಬ್ಬರೇ ಕೊಟ್ಟ ಮಾತುಗಳು ಎಂದು ನಂಬಿಬಿಡುತ್ತೇವೆ. ನಾನೂ ಹಾಗೆಯೇ ನಂಬಿದ್ದೆ. ಆದರೆ ಡೀಲರ್ ಎಂಬುವವರು ಸಾಮಾನ್ಯವಾಗಿ ಕಂಪನಿಯ ನೌಕರರಲ್ಲ, ಕಂಪನಿಯ ಫಲಕ ಹಾಕಿಕೊಂಡ ಸ್ವತಂತ್ರ ವ್ಯಾಪಾರಿ. ಬೈಕಿನ ಮೂಲ ವಾರಂಟಿ ತಯಾರಕರದು, ಆದ್ದರಿಂದ ಅಂಗಡಿ ಮುಚ್ಚಿದರೂ ಅದು ಉಳಿಯುತ್ತದೆ. ಇನ್ನೊಬ್ಬ ಅಧಿಕೃತ ಡೀಲರ್ ಅದನ್ನು ನಡೆಸಿಕೊಡಬೇಕಾಗುತ್ತದೆ. ಆದರೆ ಮುಂದಿನ ಸರ್ವಿಸುಗಳಿಗೆಂದು ಒಟ್ಟಾಗಿ ಕಟ್ಟಿದ ಹಣ, ಹೊಸ ಮಾದರಿಗಾಗಿ ಕೊಟ್ಟ ಮುಂಗಡ, ತರಿಸಿಕೊಡುತ್ತೇವೆಂದು ಹೇಳಿದ ಕ್ರ್ಯಾಶ್ ಗಾರ್ಡು, ಇವು ಅನೇಕ ವೇಳೆ ಆ ಅಂಗಡಿಯವರೊಬ್ಬರದೇ ಹೊಣೆಯಾಗಿರುತ್ತವೆ. ವಿಸ್ತರಿಸಿದ ವಾರಂಟಿಯಂತೂ ಕೆಲವೊಮ್ಮೆ ಇವರಿಬ್ಬರದೂ ಅಲ್ಲದೆ ಮೂರನೆಯ ಸಂಸ್ಥೆಯೊಂದರದು. ಯಾವ ಮಾತು ಯಾರದು ಎಂಬ ಈ ಲೆಕ್ಕ ಬಿಲ್ಲಿನ ಸಣ್ಣ ಅಕ್ಷರಗಳಲ್ಲಿ ಮೊದಲಿನಿಂದಲೂ ಇತ್ತು. ಷಟರ್ ಬಿದ್ದ ದಿನ ಮನೆಗೆ ಬಂದು ನಾನದನ್ನು ಮೊದಲ ಬಾರಿಗೆ ಓದಿದೆ.

ಬೈಕನ್ನು ಹೊರಗೆ ತರಲು 19 ದಿನ ಹಿಡಿಯಿತು. ಷೋರೂಮಿನಲ್ಲಿ ಸಾಲಾಗಿ ನಿಂತ ಹೊಸ ಬೈಕುಗಳು ಸಾಮಾನ್ಯವಾಗಿ ಸಾಲದ ಹಣದಲ್ಲಿ ತಂದವು, ಅವುಗಳ ಮೇಲೆ ಸಾಲ ಕೊಟ್ಟವರ ಹಕ್ಕಿರುತ್ತದೆ. ಹೀಗಾಗಿ ಬಾಗಿಲು ಮುಚ್ಚಿದ ಕೂಡಲೇ ಒಳಗಿರುವ ಪ್ರತಿಯೊಂದು ವಾಹನವೂ ಯಾರದೆಂದು ಪಟ್ಟಿಯಾಗುವವರೆಗೆ ಯಾವುದನ್ನೂ ಹೊರಗೆ ಬಿಡುವುದಿಲ್ಲ. ಆ ಪಟ್ಟಿ ಮಾಡುತ್ತಿದ್ದ ವ್ಯಕ್ತಿ ಸಭ್ಯರೇ, ಆದರೆ ಅವರಿಗೆ ನಾನು ಯಾರೋ ಒಬ್ಬ. ನಾನು 6 ವರ್ಷದಿಂದ ಬರುತ್ತಿರುವ ಗ್ರಾಹಕ ಎಂಬುದು ಅವರ ಬಳಿ ನಡೆಯುವ ಮಾತಲ್ಲ. ಕೊನೆಗೆ ನನ್ನನ್ನು ಉಳಿಸಿದ್ದು ನೋಂದಣಿ ಪತ್ರ ಮತ್ತು ಬೈಕು ಬಿಟ್ಟ ದಿನ ಕೊಟ್ಟಿದ್ದ ಜಾಬ್ ಕಾರ್ಡಿನ ಪ್ರತಿ. ಅದರಲ್ಲಿ ಷಾಸಿ ಸಂಖ್ಯೆ, ತಾರೀಖು, ಓಡಿದ ಕಿಲೋಮೀಟರು, ಮಾಡಬೇಕಾದ ಕೆಲಸ ಎಲ್ಲವೂ ಇದ್ದವು. ಮುಗಿಯದ ಕೆಲಸಕ್ಕೆ ಯಾರೂ ಕೂಲಿ ಕೇಳಲಿಲ್ಲ, ನಾನು ಮೊದಲೇ ಕಟ್ಟಿದ್ದ ಸರ್ವಿಸ್ ಹಣವನ್ನು ಹಿಂದಿರುಗಿಸುವ ಮಾತನ್ನೂ ಯಾರೂ ಎತ್ತಲಿಲ್ಲ.

ಹಿಂದಿರುಗಿ ನೋಡಿದರೆ ಸುಳಿವುಗಳು ಬೇಕಾದಷ್ಟಿದ್ದವು. ಹೊಸ ಬೈಕಿನ ಮಾರಾಟದಲ್ಲಿ ಡೀಲರಿಗೆ ಉಳಿಯುವ ಲಾಭ ತೆಳುವಾದದ್ದು. ಬೈಕು ಮಾರಾಟವಾಗದೆ ನಿಂತಷ್ಟು ದಿನವೂ ಸಾಲದ ಬಡ್ಡಿ ಏರುತ್ತಲೇ ಇರುತ್ತದೆ. ಇದರ ಜೊತೆಗೆ ಮಾರಾಟದ ಗುರಿ ಮುಟ್ಟಬೇಕೆಂಬ ಒತ್ತಡ, ಅಂಗಡಿಯನ್ನು ಹೊಸ ವಿನ್ಯಾಸಕ್ಕೆ ಬದಲಿಸಬೇಕೆಂಬ ಸೂಚನೆ ಮೇಲಿನಿಂದ ಬರುತ್ತಿರುತ್ತವೆ. ಬಾಡಿಗೆ, ಸಂಬಳಗಳ ಭಾರವನ್ನು ಬಹಳಷ್ಟು ಹೊರುವುದು ಹಿಂಬದಿಯ ಸರ್ವಿಸ್ ವಿಭಾಗ ಮತ್ತು ಬಿಡಿಭಾಗಗಳ ಕೌಂಟರು. ಆದ್ದರಿಂದ ಕಾಯಿಲೆ ಮೊದಲು ಕಾಣಿಸಿಕೊಳ್ಳುವುದು ಹೊಳೆಯುವ ಮುಂಭಾಗದಲ್ಲಲ್ಲ. ನಮ್ಮ ಷೋರೂಮಿನಲ್ಲಿ ಮೊದಲು ಆಯಿಲ್ ಫಿಲ್ಟರ್ ಸಿಗದಾಯಿತು, ಆಮೇಲೆ ಹಿರಿಯ ಮೆಕ್ಯಾನಿಕರೊಬ್ಬರು ಕೆಲಸ ಬಿಟ್ಟರು, ನನ್ನ ಬೈಕಿಗೆ ಬೇಕಾದ ಒಂದು ಶಿಮ್ (ವಾಲ್ವಿನ ಸಂದನ್ನು ಸರಿಪಡಿಸುವ ತೆಳು ಬಿಲ್ಲೆ) ಮತ್ತು ಗ್ಯಾಸ್ಕೆಟ್ "ನಾಳೆ ಬರುತ್ತದೆ" ಎಂಬ ಉತ್ತರ ಒಂದು ವಾರ ನಡೆಯಿತು. ಬಾಕಿ ತೀರದೆ ಸಾಲದ ಮೇಲೆ ಸರಕು ಬರುವುದು ನಿಂತುಹೋಗಿತ್ತೆಂದು ಆಮೇಲೆ ತಿಳಿಯಿತು. ಹೊರಗೆ ಅಗ್ಗವಾಗಿ ಸಿಗುತ್ತದೆಂದು ಎಂಜಿನ್ ಆಯಿಲನ್ನು ನಾನೇ ತಂದುಕೊಡುತ್ತಿದ್ದ ವರ್ಷಗಳೂ ನೆನಪಾಗಿ ಸ್ವಲ್ಪ ಮುಜುಗರವಾಯಿತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಒಂದು ಅಂಗಡಿ ಮುಚ್ಚುವುದಕ್ಕೂ ಇಡೀ ಬ್ರ್ಯಾಂಡೇ ಕಣ್ಮರೆಯಾಗುವುದಕ್ಕೂ ವ್ಯತ್ಯಾಸವಿದೆ. 2009ರ ಅಕ್ಟೋಬರಿನಲ್ಲಿ ಹಾರ್ಲೆ-ಡೇವಿಡ್‌ಸನ್ ತನ್ನ ಬ್ಯೂಯೆಲ್ ಬ್ರ್ಯಾಂಡನ್ನು ನಿಲ್ಲಿಸಿದಾಗ, ಆ ಬೈಕುಗಳು ಮಾರಾಟವಾಗುತ್ತಿದ್ದುದು ಹಾರ್ಲೆ ಡೀಲರುಗಳಲ್ಲಿಯೇ ಆದ್ದರಿಂದ ಸರ್ವಿಸಿಗೆ ಹೋಗಲು ಮಾಲೀಕರಿಗೆ ಒಂದು ಬಾಗಿಲಾದರೂ ಉಳಿದಿತ್ತು. 2017ರ ಜನವರಿಯಲ್ಲಿ ಪೊಲಾರಿಸ್ ಕಂಪನಿ ತನ್ನ ವಿಕ್ಟರಿ ಬೈಕುಗಳ ತಯಾರಿಕೆಯನ್ನು ಕೊನೆಗೊಳಿಸಿದಾಗ 10 ವರ್ಷಗಳವರೆಗೆ ಬಿಡಿಭಾಗಗಳನ್ನು ಒದಗಿಸುವುದಾಗಿ ಹೇಳಿತು. 2020ರ ಸೆಪ್ಟೆಂಬರಿನಲ್ಲಿ ಹಾರ್ಲೆ-ಡೇವಿಡ್‌ಸನ್ ಭಾರತದಲ್ಲಿ ತನ್ನ ತಯಾರಿಕೆ ಮತ್ತು ಮಾರಾಟವನ್ನು ನಿಲ್ಲಿಸುವುದಾಗಿ ಪ್ರಕಟಿಸಿದಾಗಲೂ ಮುಂದಿನ ತಿಂಗಳೇ ಹೀರೋ ಮೋಟೋಕಾರ್ಪ್ ಜೊತೆ ಒಪ್ಪಂದವಾಗಿ, ಮಾರಾಟ ಮತ್ತು ಸರ್ವಿಸಿನ ಹೊಣೆ ಅತ್ತ ಹೋಯಿತು. ಇವೆಲ್ಲ ಹಣವಿರುವ ಕಂಪನಿಗಳು ಲೆಕ್ಕ ಹಾಕಿ ಹೊರನಡೆದ ಪ್ರಸಂಗಗಳು. ಹಣವೇ ಮುಗಿದಾಗ ಆಗುವುದು ಬೇರೆ. ಬ್ರಿಟನ್ನಿನ ನಾರ್ಟನ್ 2020ರ ಜನವರಿಯಲ್ಲಿ ದಿವಾಳಿ ಪ್ರಕ್ರಿಯೆಗೆ ಸೇರಿದಾಗ, ಮುಂಗಡ ಕೊಟ್ಟು ಬೈಕಿಗಾಗಿ ಕಾಯುತ್ತಿದ್ದವರು ಕಂಪನಿಯಿಂದ ಹಣ ಬರಬೇಕಾದವರ ಉದ್ದನೆಯ ಸಾಲಿನಲ್ಲಿ ನಿಲ್ಲಬೇಕಾಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಟಿವಿಎಸ್ ಆ ಬ್ರ್ಯಾಂಡನ್ನು 1 ಕೋಟಿ 60 ಲಕ್ಷ ಪೌಂಡಿಗೆ ಕೊಂಡುಕೊಂಡಿತು.

ನನ್ನ ಬೈಕಿನ ಕಂಪನಿ ಗಟ್ಟಿಯಾಗಿಯೇ ಇದೆ. ಆದರೂ ಅದರ ಮುಂದಿನ ಅಧಿಕೃತ ಡೀಲರ್ ಈಗ 140 ಕಿಲೋಮೀಟರ್ ದೂರ. ವಾರಂಟಿ ಜೀವಂತವಾಗಿದೆ ಎಂದು ಸಹಾಯವಾಣಿಯವರು ಪ್ರತಿ ಸಲವೂ ವಿನಯದಿಂದ ಹೇಳುತ್ತಾರೆ. ಅದನ್ನು ಬಳಸಿಕೊಳ್ಳಲು ಒಂದು ದಿನದ ರಜೆ ಹಾಕಬೇಕೆಂಬುದು, ಕೆಟ್ಟು ನಿಂತ ಬೈಕನ್ನು ಅಷ್ಟು ದೂರ ವ್ಯಾನಿನಲ್ಲಿ ಸಾಗಿಸಬೇಕೆಂಬುದು ಅವರ ಪರದೆಯ ಮೇಲೆ ಕಾಣುವುದಿಲ್ಲ. ಬ್ರೇಕ್ ಪ್ಯಾಡು, ಚೈನು, ಸ್ಪಾರ್ಕ್ ಪ್ಲಗ್ಗುಗಳಿಗೆ ನಾನು ಚಿಂತಿಸುವುದಿಲ್ಲ, ಅವನ್ನು ಬೈಕಿನ ಕಂಪನಿಗಳು ಸಾಮಾನ್ಯವಾಗಿ ಹೊರಗಿನ ತಯಾರಕರಿಂದಲೇ ಕೊಳ್ಳುತ್ತವೆ. ಅಳತೆ ಗೊತ್ತಿದ್ದರೆ ನಾವೂ ಕೊಳ್ಳಬಹುದು. ತೊಡಕು ಇರುವುದು ಎಲೆಕ್ಟ್ರಾನಿಕ್ಸಿನಲ್ಲಿ. ಕಳೆದುಹೋದ ಕೀಲಿಗೆ ಬದಲಾಗಿ ಹೊಸದನ್ನು ಇಮೊಬಿಲೈಸರಿಗೆ (ಬೇರೆ ಕೀಲಿಗೆ ಎಂಜಿನ್ ಚಾಲೂ ಆಗದಂತೆ ತಡೆಯುವ ವ್ಯವಸ್ಥೆಗೆ) ಪರಿಚಯಿಸುವುದು, ಸರ್ವಿಸ್ ಸೂಚನೆಯ ದೀಪವನ್ನು ಆರಿಸುವುದು, ಕೆಲವು ಮಾದರಿಗಳಲ್ಲಿ ಬ್ರೇಕಿನ ಎಬಿಎಸ್ ಘಟಕದೊಳಗೆ ಸೇರಿದ ಗಾಳಿ ತೆಗೆಯುವುದು ಇಂತಹ ಕೆಲಸಗಳಿಗೆ ಕಂಪನಿಯ ಡಯಾಗ್ನೋಸ್ಟಿಕ್ ಉಪಕರಣ ಬೇಕಾಗುತ್ತದೆ. ಆ ಉಪಕರಣ ಅಧಿಕೃತ ಡೀಲರುಗಳಿಗೆ ಸಿಗುವಷ್ಟು ಸುಲಭವಾಗಿ ಹೊರಗಿನ ಗ್ಯಾರೇಜುಗಳಿಗೆ ಸಿಗುವುದಿಲ್ಲ. ಸ್ಪ್ಯಾನರ್ ಹಿಡಿಯಲು ಬರುವ ಕೈಗಳು ಹತ್ತಿರದಲ್ಲೇ ಇದ್ದರೂ ಬೈಕಿನೊಡನೆ ಮಾತನಾಡಲು ಅವಕ್ಕೆ ಅನುಮತಿಯಿಲ್ಲದಂತಾಗಿದೆ.

ಕೆಲಸ ಬಿಟ್ಟಿದ್ದ ಆ ಹಿರಿಯ ಮೆಕ್ಯಾನಿಕ್ ಈಗ ತಮ್ಮದೇ ಚಿಕ್ಕ ಗ್ಯಾರೇಜು ತೆರೆದಿದ್ದಾರೆ. ಬಿಚ್ಚಿದ ಬೋಲ್ಟುಗಳನ್ನೆಲ್ಲ ಹಾಕಿದ್ದ ಪ್ಲಾಸ್ಟಿಕ್ ಚೀಲದ ಸಮೇತ ಬೈಕನ್ನು ಅಲ್ಲಿಗೆ ಸಾಗಿಸಿದೆ. ಅವರು ಮೊದಲು ಕೇಳಿದ್ದು ಜಾಬ್ ಕಾರ್ಡನ್ನು. ಪಟ್ಟಿ ಮಾಡುವವರಿಗೆ ಷಾಸಿ ಸಂಖ್ಯೆ ತೋರಿಸಲು ಹತ್ತಾರು ಸಲ ಹೊರತೆಗೆದಿದ್ದ ಆ ಹಾಳೆಯನ್ನು ನಾನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ಹಿಂಬದಿಯಲ್ಲಿ ಪೆನ್ಸಿಲಿನಿಂದ ನಾಲ್ಕೂ ವಾಲ್ವುಗಳ ಅಳತೆ ಬರೆದಿತ್ತು. ಬಲಗಡೆಯ ಎಕ್ಸಾಸ್ಟ್ ವಾಲ್ವಿನ ಎದುರಿಗೆ, ಈಗಿರುವ ಶಿಮ್ 2.75, ಹಾಕಬೇಕಾದದ್ದು 2.70. ಷೋರೂಮು ಒಂದು ವಾರ ಕಾದು ಕುಳಿತಿದ್ದುದು 0.05 ಮಿಲಿಮೀಟರ್ ತೆಳುವಾದ ಈ ಬಿಲ್ಲೆಗಾಗಿ. ಅಕ್ಷರ ನೋಡಿ, ಇದು ತಮ್ಮ ಕೈಕೆಳಗೆ ಕಲಿತ ಹುಡುಗನದೇ ಎಂದು ಅವರು ಗುರುತಿಸಿದರು. ಆಮೇಲೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿ, ಶಿಮ್‌ಗಳ ಡಬ್ಬಿಯನ್ನು ತೆರೆದು ಹುಡುಕತೊಡಗಿದರು.