ಎ1 ರಸ್ತೆಯಲ್ಲಿ ಒಂದು ಭಾನುವಾರ

ನನ್ನ ಫೋನಿನಲ್ಲಿ 2014ರ ಒಂದು ಫೋಟೋ ಇದೆ. ಮಳೆನೀರು ಇಳಿಯುತ್ತಿರುವ ಬಸ್ಸಿನ ಗಾಜು, ಅದರಾಚೆ ಮಸುಕಾಗಿ ಫೆರ್ರಿಬ್ರಿಜ್ ವಿದ್ಯುತ್ ಸ್ಥಾವರದ ಕೂಲಿಂಗ್ ಟವರುಗಳು. ಕೆಲಸಕ್ಕೆಂದು ಲೀಡ್ಸ್‌ಗೆ ಬಂದ ಮೊದಲ ವಾರ ತೆಗೆದದ್ದು. ರಾಯಚೂರು ಹತ್ತಿರದ ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ನೋಡುತ್ತ ಬೆಳೆದವನು ನಾನು. ಇಂಗ್ಲೆಂಡಿನಲ್ಲಿ ಮೊದಲು ಗುರುತಿನದು ಅನ್ನಿಸಿದ್ದು ಆ ಕಲ್ಲಿದ್ದಲು ಸ್ಥಾವರವೇ.

ಕಳೆದ ಬೇಸಿಗೆಯಲ್ಲಿ ಲಂಡನ್ನಿಗೆ ಹೋದವರು ವಾಪಸು ಬರುವಾಗ ಎ1 ಹಿಡಿದೆವು. ಎಡಿನ್‌ಬರೋವರೆಗೆ ಸುಮಾರು 660 ಕಿಲೋಮೀಟರ್ ಹೋಗುವ ರಸ್ತೆ ಇದು. ನಮಗೆ ಬೇಕಾದದ್ದು ಅದರ ಅರ್ಧ ಮಾತ್ರ. ಹೆಂಡತಿ ಸ್ಟಿಯರಿಂಗ್ ಹಿಡಿದಳು, ನಾನು ಕ್ಯಾಮೆರಾ ಹಿಡಿದೆ.

ರಸ್ತೆ ಶುರುವಾಗುವುದು ಸೇಂಟ್ ಪಾಲ್ಸ್ ಚರ್ಚಿನ ಹತ್ತಿರದ ಒಂದು ಸಣ್ಣ ಬೀದಿಯಲ್ಲಿ. ಹಿಂದೆ ದೊಡ್ಡ ಅಂಚೆ ಕಚೇರಿ ಇದ್ದ ಜಾಗ ಅದು, ಟಪಾಲಿನ ಕುದುರೆ ಗಾಡಿಗಳು ಅಲ್ಲಿಂದಲೇ ಹೊರಡುತ್ತಿದ್ದವಂತೆ. ನಾವು ಹೋದಾಗ ಇದ್ದದ್ದು ಪಾರಿವಾಳ ಮತ್ತು ಕಸದ ಲಾರಿ. ಎರಡನ್ನೂ ತೆಗೆದೆ. ಹ್ಯಾಟ್‌ಫೀಲ್ಡ್‌ನಲ್ಲಿ ರಸ್ತೆ ಸುರಂಗಕ್ಕೆ ಇಳಿಯುತ್ತದೆ, ತಲೆಯ ಮೇಲೆ ಶಾಪಿಂಗ್ ಮಾಲ್! ಫೋಟೋದಲ್ಲಿ ಬರೀ ಕತ್ತಲೆ.

ಮೊದಲ ನೂರು ಕಿಲೋಮೀಟರ್‌ನಲ್ಲಿ ನನಗೆ ಸಿಕ್ಕಿದ್ದು ಹೆಚ್ಚಾಗಿ ತಡೆಗೋಡೆ, ಲಾರಿಯ ಹಿಂಭಾಗ ಮತ್ತು ಗಾಜಿನಲ್ಲಿ ನನ್ನದೇ ಮೂಗು. ಡ್ಯಾಶ್‌ಬೋರ್ಡ್ ಮೇಲೆ ಕಪ್ಪು ಟವೆಲ್ ಹಾಸಿ, ಶಟರ್ ವೇಗವನ್ನು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗಕ್ಕೆ ಏರಿಸಿದ ಮೇಲೆ ಸ್ವಲ್ಪ ಸುಧಾರಿಸಿತು. ಮೋಟಾರುದಾರಿಯಲ್ಲಿ ಫೋಟೋಗೆಂದು ನಿಲ್ಲಿಸುವ ಹಾಗಿಲ್ಲ.

"ರೀ, ಇಳೀರಿ ಅಂದ್ರೆ ಇಳೀಬೇಕು, ಹತ್ರಿ ಅಂದ್ರೆ ಹತ್ತಬೇಕು," ಎಂದಳು ಇವಳು. ಅಲ್ಲಿಂದ ಎಲ್ಲಿ ಹೊರದಾರಿ ಬೇಕೋ ಅಲ್ಲಿ ಹೊರಳಿದೆವು.

ನಾರ್ಮನ್ ಕ್ರಾಸ್‌ನಲ್ಲಿ ಕಂಬದ ಮೇಲೆ ಒಂದು ಕಂಚಿನ ಹದ್ದು. ನೆಪೋಲಿಯನ್ ಕಾಲದ ಯುದ್ಧದಲ್ಲಿ ಸೆರೆಸಿಕ್ಕು ಇಲ್ಲೇ ಸತ್ತ ಕೈದಿಗಳ ನೆನಪಿಗೆ ನಿಲ್ಲಿಸಿದ್ದು. ಹಳೆಯ ಹದ್ದನ್ನು 1990ರಲ್ಲಿ ಯಾರೋ ಕದ್ದರು, 2005ರಲ್ಲಿ ಹೊಸದು ಬಂತು. ರಸ್ತೆ ಅಗಲವಾದದ್ದಕ್ಕೆ ಕಂಬವೂ ಜಾಗ ಬದಲಿಸಿದೆ. ಪಕ್ಕದ ಊರು ಸ್ಟಿಲ್ಟನ್. ಆ ಹೆಸರಿನ ಚೀಸನ್ನು ಈ ಊರಿನಲ್ಲಿ ಮಾಡಲು ಕಾನೂನು ಬಿಡುವುದಿಲ್ಲ, ಬೇರೆ ಮೂರು ಜಿಲ್ಲೆಗಳಲ್ಲಷ್ಟೇ ಮಾಡಬೇಕು. ಧಾರವಾಡದಲ್ಲಿ ಪೇಡೆ ಮಾಡಬೇಡಿ ಅಂದಂತೆ, ಅಲ್ವಾ?

ನನಗೆ ಜಾಸ್ತಿ ಹಿಡಿಸಿದ್ದು ಮಾರ್ಕಮ್ ಮೂರ್‌ನ ಒಂದು ಚಾವಣಿ. ಎರಡು ಮೂಲೆ ಎತ್ತಿ ಹಿಡಿದ ಕೌದಿಯ ಹಾಗಿದೆ, ಆದರೆ ಕಾಂಕ್ರೀಟಿನದು. 1960ರ ಸುಮಾರಿಗೆ ಪೆಟ್ರೋಲ್ ಬಂಕಿಗಾಗಿ ಕಟ್ಟಿದ್ದು. ಆಮೇಲೆ ಅದರ ಕೆಳಗೆ ಹೋಟೆಲ್ ಬಂತು, ಈಗ ಕಾಫಿ ಅಂಗಡಿ. ನಡುವೆ ರಸ್ತೆ ಕೆಲಸಕ್ಕೆ ಕೆಡವುವ ಮಾತು ಬಂದಾಗ ಜನ ಅಡ್ಡ ನಿಂತು ಉಳಿಸಿಕೊಂಡರು. 2012ರಲ್ಲಿ ಸಂರಕ್ಷಿತ ಕಟ್ಟಡವೂ ಆಯಿತು. ಅದರ ಸುತ್ತ ಮೂರು ಸುತ್ತು ಹಾಕಿದೆ. ಎತ್ತಿದ ಮೂಲೆಯ ಕೆಳಗೆ ಇವಳನ್ನು ನಿಲ್ಲಿಸಿ ತೆಗೆದದ್ದು ಆ ದಿನದ ಒಳ್ಳೆಯ ಫೋಟೋ.

ಮಧ್ಯಾಹ್ನ ಮೂರರ ಹೊತ್ತಿಗೆ ಫೆರ್ರಿಬ್ರಿಜ್. ಇಲ್ಲಿನ ಎಂಟು ಟವರುಗಳಲ್ಲಿ ಮೂರು, 1965ರ ನವೆಂಬರಿನ ಬಿರುಗಾಳಿಗೆ ಉರುಳಿದ್ದವು. ಒತ್ತೊತ್ತಾಗಿ ನಿಂತಿದ್ದರಿಂದ ನಡುವೆ ನುಗ್ಗಿದ ಗಾಳಿ ಹಿಂದಿನ ಸಾಲಿಗೆ ಜೋರಾಗಿ ಬಡಿದಿತ್ತು. ಮತ್ತೆ ಕಟ್ಟಿದರು. ಸ್ಥಾವರ 2016ರಲ್ಲಿ ಮುಚ್ಚಿತು. 2019ರಿಂದ ಸಿಡಿಮದ್ದು ಇಟ್ಟು ಕೆಡವುತ್ತ ಬಂದು, 2022ರಲ್ಲಿ ಕೊನೆಯವನ್ನೂ ಉರುಳಿಸಿದರು. ಇದೆಲ್ಲ ಗೊತ್ತಿದ್ದೇ ಹೋಗಿದ್ದೆ. ಆದರೂ ಕಾರಿನಿಂದ ಇಳಿದು ಕ್ಯಾಮೆರಾ ಎತ್ತಿದಾಗ ಎಲ್ಲಿಗೆ ಫೋಕಸ್ ಮಾಡಬೇಕೋ ತಿಳಿಯಲಿಲ್ಲ. ವಿದ್ಯುತ್ ಕಂಬ, ತಂತಿ, ಕಸ ಸುಟ್ಟು ವಿದ್ಯುತ್ ತೆಗೆಯುವ ಹೊಸ ಸ್ಥಾವರ, ಉಳಿದದ್ದು ಆಕಾಶ. ಅದನ್ನೇ ತೆಗೆದೆ.

ಹಳೆಯದು, ಹೊಸದು ಎರಡನ್ನೂ ಅಪ್ಪನಿಗೆ ಕಳಿಸಿದೆ. ಅವರು ಶಕ್ತಿನಗರದಲ್ಲೇ ಕೆಲಸ ಮಾಡಿ ನಿವೃತ್ತರಾದವರು. ಕೂಡಲೇ ಫೋನ್ ಬಂತು.

"ಬೂದಿ ಎಲ್ಲಿ ಹಾಕ್ಯಾರಪಾ?"

ಗೇಲ್ ಕಾಮನ್ ಎಂಬಲ್ಲಿ ಬೂದಿಯದೇ ಒಂದು ಗುಡ್ಡ ಇದೆ, ಮೇಲೆ ಹುಲ್ಲು ಬೆಳೆದಿದೆ ಎಂದೆ.

"ಅದರ ಫೋಟೋ ತಗದಿಯೇನು?"

ತೆಗೆದಿರಲಿಲ್ಲ. ಇವಳು ಆಗಲೇ ಕಾರು ಸ್ಟಾರ್ಟ್ ಮಾಡಿದ್ದಳು.